ಮೂತ್ರ ಸೋರಿಕೆ: ಶಸ್ತ್ರಚಿಕಿತ್ಸೆಗೆ ಮುನ್ನ

ಕಾರ್ಖಾನೆಗಳಲ್ಲಿ ಭಾರ ಎತ್ತುವ ಪುರುಷರಾಗಲಿ, ನಿವೃತ್ತರಾಗಲಿ, ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಂಡ ಬಳಿಕ ಕೆಮ್ಮಿದಾಗ ಮೂತ್ರ ಜಿನುಗಿದರೆ ನಾಚಿಕೆಯಿಂದ ಮುಚ್ಚಿಡಬಾರದು. ಹಾಗೆಂದು ಕೂಡಲೇ ಮತ್ತೊಂದು ಶಸ್ತ್ರಚಿಕಿತ್ಸೆಗೆ ಆತುರಪಡುವುದೂ ಸಲ್ಲದು. ಶ್ರೋಣಿತಳದ, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಆಧರಿಸುವ ಸ್ನಾಯುಗಳ ವ್ಯಾಯಾಮ ಮಾಡುತ್ತ ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯುವುದು ವಾಡಿಕೆ. ಆಮೇಲೂ ನಿಲ್ಲದಿದ್ದರೆ ವೈದ್ಯರು 24 ಗಂಟೆಯ ಪ್ಯಾಡುಗಳನ್ನು ತೂಗಿಸಿ ಸೋರಿಕೆಯನ್ನು ಅಳೆದು, ದರ್ಶಕ ನಳಿಕೆಯಿಂದ ಮೂತ್ರಮಾರ್ಗ ಕಿರಿದಾಗಿದೆಯೇ ಎಂದು ನೋಡುತ್ತಾರೆ. ಸೋರಿಕೆ ಅಲ್ಪವೋ ಮಧ್ಯಮವೋ ಆಗಿದ್ದು ವಿಕಿರಣ ಚಿಕಿತ್ಸೆ ಪಡೆಯದವರಿಗೆ ಮೂತ್ರನಾಳಕ್ಕೆ ಆಸರೆಯಾಗುವ ಜಾಲರಿ ಪಟ್ಟಿ, ಅಂದರೆ ಸ್ಲಿಂಗ್, ಒಪ್ಪಬಹುದು. ತೀವ್ರ ಸೋರಿಕೆಗೆ ಮೂತ್ರನಾಳವನ್ನು ಸುತ್ತಿ ಬಿಗಿಹಿಡಿಯುವ ಕೃತಕ ಸ್ಫಿಂಕ್ಟರ್ ಹೆಚ್ಚು ಭರವಸೆಯದು. ಆದರೆ ಪ್ರತಿ ಸಲವೂ ವೃಷಣಚೀಲದೊಳಗಿನ ಪುಟ್ಟ ಪಂಪನ್ನು ಬೆರಳಿನಿಂದ ಒತ್ತಿಯೇ ಮೂತ್ರ ವಿಸರ್ಜಿಸಬೇಕಾದ್ದರಿಂದ, ಬೆರಳುಗಳಲ್ಲಿ ಹಿಡಿತವಿಲ್ಲದವರಿಗೂ ಮರೆವಿನ ಕಾಯಿಲೆಯವರಿಗೂ ಅದು ಹೊಂದುವುದು ಕಷ್ಟ. ಮಾದರಿ ಪಂಪೊಂದನ್ನು ವೈದ್ಯರಿಂದ ಕೇಳಿ ಪಡೆದು, ಮೊದಲೇ ಒತ್ತಿ ನೋಡುವುದು ಲೇಸು.