ಶಾಕ್ ಅಬ್ಸಾರ್ಬರು: ಅದರ ಕೆಲಸವೂ ಅದರ ಸವೆತವೂ

ಮೋಟಾರು ಗಾಡಿಯೊಂದು ರಸ್ತೆಯ ಉಬ್ಬನ್ನು ದಾಟುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸುಸ್ಥಿತಿಯಲ್ಲಿರುವ ಗಾಡಿ ಒಮ್ಮೆ ಏರಿ ಇಳಿದು ಕೂಡಲೇ ಸಮಸ್ಥಿತಿಗೆ ಬರುತ್ತದೆ. ಮತ್ತೊಂದು ಗಾಡಿಯಾದರೋ ಉಬ್ಬನ್ನು ದಾಟಿ ಹತ್ತಾರು ಮೀಟರು ಹೋದ ಮೇಲೂ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಎರಡರಲ್ಲಿಯೂ ಸ್ಪ್ರಿಂಗುಗಳಿವೆ; ಆದರೂ ಈ ವ್ಯತ್ಯಾಸವೇಕೆ? ಎರಡನೆಯ ಗಾಡಿಯ ಶಾಕ್ ಅಬ್ಸಾರ್ಬರುಗಳು ಸವೆದಿವೆ. ಈ ತೂಗಾಟದಿಂದ ಪ್ರಯಾಣದ ಸುಖ ಕೆಡುವುದಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯವುಂಟು. ಅದು ಹೇಗೆಂಬುದನ್ನೂ, ಸವೆದುದನ್ನು ಬದಲಾಯಿಸುವಾಗ ಗಮನಿಸಬೇಕಾದ ಅಂಶಗಳನ್ನೂ ಇಲ್ಲಿ ವಿಚಾರ ಮಾಡೋಣ.

ಆಘಾತವನ್ನು ಹೀರಿಕೊಳ್ಳುವ ಸಾಧನವೆಂಬುದು ಈ ಹೆಸರಿನ ಅರ್ಥ. ಆದರೆ ರಸ್ತೆಯ ಹೊಡೆತವನ್ನು ಮೊದಲು ತಾಳಿಕೊಳ್ಳುವವು ಟೈರು ಮತ್ತು ಸ್ಪ್ರಿಂಗು. ಚಕ್ರ ಉಬ್ಬನ್ನೇರಿದಾಗ ಸ್ಪ್ರಿಂಗು ಕುಗ್ಗಿ ಶಕ್ತಿಯನ್ನು ತನ್ನಲ್ಲಿ ಸಂಗ್ರಹಿಸುತ್ತದೆ. ಸಂಗ್ರಹಿಸಿದುದನ್ನು ಮರಳಿ ಕೊಡದೆ ಅದು ಬಿಡುವುದಿಲ್ಲ. ಗಾಡಿಯ ಮೈ ಮೇಲಕ್ಕೆ ಎಸೆಯಲ್ಪಟ್ಟು, ಸಮಸ್ಥಿತಿಯನ್ನು ಮೀರಿ ಹೋಗಿ, ಮತ್ತೆ ಕೆಳಕ್ಕಿಳಿಯುತ್ತದೆ. ಇದೇ ಆಂದೋಲನ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಂದು ಚಕ್ರದ ಸ್ಪ್ರಿಂಗು 200 ಕಿಲೋಗ್ರಾಂ ರಾಶಿಯನ್ನು ಹೊತ್ತು, ಅದರ ಭಾರದಿಂದ 16 ಸೆಂಟಿಮೀಟರು ಕುಗ್ಗಿದೆಯೆಂದಿಟ್ಟುಕೊಳ್ಳೋಣ. ಕುಗ್ಗಿದ ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಬಂದುದರ ವರ್ಗಮೂಲವನ್ನು 2π ಯಿಂದ ಗುಣಿಸಿದರೆ ಆಂದೋಲನದ ಅವಧಿ ದೊರೆಯುತ್ತದೆ. ಅದು ಸುಮಾರು 0.8 ಸೆಕೆಂಡು. ಗಾಡಿಯ ಮೈ ಸಮಸ್ಥಿತಿಯಿಂದ 5 ಸೆಂಟಿಮೀಟರು ಸರಿದರೆ ಈ ಆಂದೋಲನದ ಶಕ್ತಿ ಸುಮಾರು 15 ಜೂಲು. ಇದನ್ನು ಬೇರೆ ರೂಪಕ್ಕೆ ತಿರುಗಿಸುವ ಸಾಧನವಿಲ್ಲದಿದ್ದರೆ ತೂಗಾಟ ಬೇಗನೆ ನಿಲ್ಲದು.

ಆ ಸಾಧನ ಹೇಗಿರಬೇಕು? ವಿದ್ಯಾರ್ಥಿಗಳು ಒಂದು ಸ್ಪ್ರಿಂಗಿಗೆ ಕಲ್ಲನ್ನು ಕಟ್ಟಿ ತೂಗುಬಿಟ್ಟು, ಕೆಳಕ್ಕೆಳೆದು ಬಿಡಲಿ. ಅದು ಬಹಳ ಹೊತ್ತು ಮೇಲೆ ಕೆಳಗೆ ಆಡುತ್ತದೆ. ಅನಂತರ ಅದೇ ಕಲ್ಲು ಹರಳೆಣ್ಣೆಯ ಪಾತ್ರೆಯೊಳಗೆ ಮುಳುಗಿರುವಂತೆ ಮಾಡಿ ಪ್ರಯೋಗವನ್ನು ಪುನಃ ನಡೆಸಲಿ. ಈ ಸಲ ಕಲ್ಲು ಬಹುಬೇಗ ನಿಂತುಬಿಡುತ್ತದೆ. ಎಣ್ಣೆಯ ಸ್ನಿಗ್ಧತೆಯು ಚಲನೆಯನ್ನು ತಡೆದು ಅದರ ಶಕ್ತಿಯನ್ನು ಉಷ್ಣವನ್ನಾಗಿ ಮಾರ್ಪಡಿಸಿತು. ಶಾಕ್ ಅಬ್ಸಾರ್ಬರಿನ ತತ್ತ್ವವೂ ಇದೇ.

ಅದರ ಉಕ್ಕಿನ ಕೊಳವೆಯಲ್ಲಿ ಎಣ್ಣೆ ತುಂಬಿದೆ. ಒಳಗೆ ಸಣ್ಣ ರಂಧ್ರಗಳೂ ಕವಾಟಗಳೂ ಉಳ್ಳ ಪಿಸ್ಟನ್ ಇದೆ. ಕೊಳವೆಯ ಕೆಳತುದಿ ಚಕ್ರದ ಕಡೆಗೂ ಪಿಸ್ಟನ್ನಿನ ಸರಳು ಗಾಡಿಯ ಮೈಗೂ ಜೋಡಿಸಲ್ಪಟ್ಟಿರುತ್ತವೆ. ಸ್ಪ್ರಿಂಗು ಕುಗ್ಗಿದಾಗಲೂ ಹಿಗ್ಗಿದಾಗಲೂ ಎಣ್ಣೆ ಆ ಕಿರಿದಾದ ರಂಧ್ರಗಳ ಮೂಲಕ ನುಸುಳಬೇಕು. ಸಾಮಾನ್ಯವಾಗಿ ಹಿಗ್ಗುವಾಗಿನ ತಡೆಯನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ಕುಗ್ಗುವಾಗ ತಡೆ ಅತಿಯಾದರೆ ರಸ್ತೆಯ ಹೊಡೆತ ನೇರವಾಗಿ ಪ್ರಯಾಣಿಕನಿಗೆ ತಗಲುತ್ತದೆ. ಒರಟು ರಸ್ತೆಯಲ್ಲಿ ಓಡಿ ಬಂದ ಗಾಡಿಯ ಶಾಕ್ ಅಬ್ಸಾರ್ಬರು ಬಿಸಿಯಾಗಿರುವುದು ಅದು ಕೆಲಸ ಮಾಡಿದೆಯೆಂಬುದಕ್ಕೆ ಸಾಕ್ಷಿ.

ಸರಳು ಹೊರಬರುವ ಸ್ಥಳದಲ್ಲಿ ಎಣ್ಣೆಯನ್ನು ತಡೆಯುವ ಸೀಲೊಂದಿದೆ. ಧೂಳು ಮತ್ತು ದೀರ್ಘಕಾಲದ ಉಜ್ಜಾಟದಿಂದ ಅದು ಸವೆದರೆ ಎಣ್ಣೆ ಸೋರತೊಡಗುತ್ತದೆ. ಮೇಲೆ ತೆಳುವಾದ ಜಿಡ್ಡಿದ್ದ ಮಾತ್ರಕ್ಕೆ ಕೆಟ್ಟಿತೆನ್ನಲಾಗದು. ಎಣ್ಣೆ ಧಾರೆಯಾಗಿ ಇಳಿದು ಕೊಳವೆ ಒದ್ದೆಯಾಗಿದ್ದರೆ ಸಂಶಯವಿಲ್ಲ. ಎಣ್ಣೆ ಕಡಿಮೆಯಾದಂತೆ ಪಿಸ್ಟನ್ನಿಗೆ ತಡೆಯೂ ಕಡಿಮೆಯಾಗುತ್ತದೆ. ಗಾಡಿಯ ಮೂಲೆಯೊಂದನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಎರಡು ಮೂರು ಬಾರಿ ತೂಗಿದರೆ ದೋಷವಿದೆಯೆಂದು ತಿಳಿಯಬಹುದು. ತೂಗದಿದ್ದರೆ ದೋಷವಿಲ್ಲವೆಂದು ಮಾತ್ರ ಹೇಳುವಂತಿಲ್ಲ. ಟೈರು ಅಲ್ಲಲ್ಲಿ ತಗ್ಗಾಗಿ ಸವೆಯುವುದೂ, ಬ್ರೇಕು ಹಾಕಿದಾಗ ಗಾಡಿಯ ಮುಂಭಾಗ ವಿಪರೀತ ಕುಸಿಯುವುದೂ ಬೇರೆ ಲಕ್ಷಣಗಳು.

ಇನ್ನು ಅಪಾಯದ ವಿಚಾರ. ಗಾಡಿಯ ಮೈಯಂತೆ ಚಕ್ರವೂ ಪುಟಿಯುತ್ತದೆ. ಅದರ ಪುಟಿತ ಸೆಕೆಂಡಿಗೆ ಸುಮಾರು ಹತ್ತು ಹನ್ನೆರಡು ಬಾರಿ. ಟೈರು ಮತ್ತು ರಸ್ತೆಯ ನಡುವಣ ಘರ್ಷಣೆ, ಟೈರು ರಸ್ತೆಯನ್ನು ಎಷ್ಟು ಬಲದಿಂದ ಒತ್ತುತ್ತಿದೆಯೆಂಬುದನ್ನು ಅವಲಂಬಿಸಿದೆ. ಪುಟಿಯುವ ಚಕ್ರ ಕ್ಷಣಕಾಲ ರಸ್ತೆಯನ್ನು ಹಗುರವಾಗಿ ಮುಟ್ಟುತ್ತದೆ, ಇಲ್ಲವೇ ಮುಟ್ಟುವುದೇ ಇಲ್ಲ. ಆ ಕ್ಷಣದಲ್ಲಿ ಬ್ರೇಕು ಎಷ್ಟೇ ಬಿಗಿಯಾಗಿದ್ದರೂ ಪ್ರಯೋಜನವಿಲ್ಲ; ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಸರಿಯಾಗಿ ತಿರುಗದು. ಒರಟು ರಸ್ತೆಯಲ್ಲಿ ಗಾಡಿ ನಿಲ್ಲುವ ದೂರ ಹೆಚ್ಚುವುದು ಹೀಗೆ.

ಬದಲಾಯಿಸುವಾಗ ಒಂದೇ ಅಚ್ಚಿನ ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಇಲ್ಲದಿದ್ದರೆ ಎರಡು ಪಕ್ಕಗಳ ತಡೆ ಅಸಮವಾಗುತ್ತದೆ. ಗಾಡಿಯನ್ನು ಜಾಕಿನಿಂದ ಎತ್ತಿದ ಮೇಲೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಕೇವಲ ಜಾಕನ್ನು ನಂಬಿ ಗಾಡಿಯ ಕೆಳಗೆ ನುಗ್ಗುವುದು ಪ್ರಾಣದೊಡನೆ ಆಟವಾಡಿದಂತೆ. ಹೊಸದರ ಹೊಳೆಯುವ ಸರಳನ್ನು ಇಕ್ಕಳದಿಂದ ಹಿಡಿಯಬಾರದು. ಅದರ ಮೇಲೆ ಬಿದ್ದ ಸಣ್ಣ ಗೀರೂ ಹೊಸ ಸೀಲನ್ನು ಹರಿಯುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಮಾಡುವುದು ಗಾಡಿಯ ಭಾರ ಚಕ್ರಗಳ ಮೇಲೆ ಬಂದ ಅನಂತರವೇ. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡಿರುತ್ತದೆ.

ಮಾರುತಿ 800 ಮೊದಲಾದ ಅನೇಕ ಸಣ್ಣ ಕಾರುಗಳ ಮುಂಚಕ್ರಗಳಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು ಒಂದೇ ಘಟಕವಾಗಿ ಸೇರಿಕೊಂಡಿವೆ. ಅಮೆರಿಕದ ಎಂಜಿನಿಯರು ಅರ್ಲ್ ಮ್ಯಾಕ್‌ಫರ್ಸನ್ನನ ಹೆಸರಿನಿಂದ ಇದನ್ನು ಮ್ಯಾಕ್‌ಫರ್ಸನ್ ಸ್ಟ್ರಟ್ ಎನ್ನುವರು. ಇಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಚಕ್ರ ನೇತಾಡುತ್ತಿರುವಾಗಲೂ ಸ್ಪ್ರಿಂಗು ಪೂರ್ತಿ ಹಿಗ್ಗಿರುವುದಿಲ್ಲ. ನಾವು ಲೆಕ್ಕ ಹಾಕಿದ ಸ್ಪ್ರಿಂಗು ಆಗ 8 ಸೆಂಟಿಮೀಟರು ಕುಗ್ಗಿದ್ದರೆ ಅದರಲ್ಲಿ ಸುಮಾರು 39 ಜೂಲು ಶಕ್ತಿ ಅಡಗಿರುತ್ತದೆ. 4 ಕಿಲೋಗ್ರಾಂ ಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿ ಇದೇ. ಸ್ಪ್ರಿಂಗನ್ನು ತಕ್ಕ ಉಪಕರಣದಿಂದ ಅದುಮಿ ಹಿಡಿಯದೆ ಸರಳಿನ ತುದಿಯ ನಟ್ಟನ್ನು ಬಿಚ್ಚಿದರೆ ಅದಷ್ಟೂ ಒಮ್ಮೆಗೇ ಬಿಡುಗಡೆಯಾಗಿ ಎದುರಿಗಿದ್ದವನಿಗೆ ಬಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ನುರಿತ ಮೆಕ್ಯಾನಿಕ್ಕಿಗೇ ಒಪ್ಪಿಸುವುದು ಲೇಸು. ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನೂ ಪರೀಕ್ಷಿಸಬೇಕು.

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಟೈರನ್ನು ರಸ್ತೆಗೆ ಅಂಟಿಸಿಡುವುದು ಕೊಳವೆಯೊಳಗಿನ ಎಣ್ಣೆ. ಆ ಎಣ್ಣೆ ಹೊರಗೆ ಸೋರಿರುವುದನ್ನು ಕಂಡ ಮೇಲೆ ಗಾಡಿ ಇನ್ನೂ ಓಡುತ್ತಿದೆಯಲ್ಲಾ ಎಂದು ಸುಮ್ಮನಿರಬಾರದು. ಅದು ಓಡುವುದೇನೋ ನಿಜ; ಬೇಕಾದಾಗ ನಿಲ್ಲುವುದೇ ಎಂಬುದು ಪ್ರಶ್ನೆ.