ನಾಯಕನೂ ಮಂತ್ರಾಲೋಚನೆಯೂ

ಹುಮನಾಬಾದಿನ ಸಮೀಪದ ಜಲಸಂಗ್ವಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆದಿರುವುದು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಶಿಲ್ಪವೇನೋ ಬಲು ಸೊಗಸು. ಆದರೆ ಹೊಗಳಿಕೆಯೊಂದರಿಂದಲೇ ರಾಜ್ಯಭಾರ ನಡೆಯುವುದುಂಟೆ? 1076ರಿಂದ 1126ರವರೆಗೆ ಆಳಿದ ಆ ದೊರೆಯ ರಾಜಧಾನಿಯಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳಲ್ಲಿ ಅದರ ಹೆಸರನ್ನು ಕೇಳದವರು ವಿರಳ. ಪರರ ಸಲಹೆಯನ್ನು ಮುಂದಾಳಾದವನು ಹೇಗೆ ಬಳಸಬೇಕೆಂಬ ವಿಚಾರವೂ ಅಲ್ಲಿದೆಯೆಂದು ವಾಚಕರ ಗಮನಕ್ಕೆ ತರುವುದು ನನ್ನ ಉದ್ದೇಶ.

ಸ್ಮೃತಿಯ ರಾಜಧರ್ಮ ಪ್ರಕರಣ ಒಂದು ಕ್ರಮವನ್ನು ಹೇಳುತ್ತದೆ. ಪ್ರಾಜ್ಞರೂ ಕುಲಕ್ರಮಾಗತರೂ ಸ್ಥಿರಚಿತ್ತರೂ ಶುದ್ಧರೂ ಆದ ಮಂತ್ರಿಗಳೊಡನೆ ಅರಸನು ಮೊದಲು ರಾಜ್ಯಕಾರ್ಯವನ್ನು ಚಿಂತಿಸಬೇಕು, ಬಳಿಕ ಬ್ರಾಹ್ಮಣನೊಡನೆ, ಆಮೇಲೆ ತಾನೊಬ್ಬನೇ. ಕುಲ ಜಾತಿಗಳ ಕಟ್ಟು ಆ ಕಾಲದ್ದು. ಅದೇ ಕಲ್ಯಾಣದಲ್ಲಿ ಮುಂದೆ ಶರಣರು ನಾನಾ ಕಾಯಕದವರನ್ನು ಅನುಭವ ಮಂಟಪದ ಗೋಷ್ಠಿಗೆ ಕೂಡಿಸಿ ಆ ಕಟ್ಟನ್ನು ಸಡಿಲಿಸಿದರು. ನನ್ನ ಮನಸ್ಸು ನಿಲ್ಲುವುದು ‘ತಾನೊಬ್ಬನೇ’ ಎಂಬ ಕೊನೆಯ ಮಾತಿನಲ್ಲಿ. ಕಟ್ಟಕಡೆಗೆ ಕಿವಿಗೆ ಬಿದ್ದುದನ್ನೇ ತೀರ್ಮಾನವೆಂದು ಸಾರುವಂತಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಅವರವರ ಮಾತುಗಳನ್ನು ತೂಗಿ ನೋಡಬೇಕು. ನಿರ್ಧಾರದ ಹೊಣೆ ತನ್ನದೆಂದು ಒಪ್ಪಬೇಕು.

ಆಲೋಚನೆ ಹೇಳುವವರನ್ನೂ ಸ್ಮೃತಿ ಸುಮ್ಮನೆ ಬಿಟ್ಟಿಲ್ಲ. ನ್ಯಾಯಸಭೆಯ ಸಭ್ಯರು ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಧರ್ಮ ಮೀರಿದರೆ, ವ್ಯಾಜ್ಯದಲ್ಲಿ ಸೋತವನು ತೆರುವ ದಂಡದ ಇಮ್ಮಡಿಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ತೆರಬೇಕು. ಗುಂಪಿನಲ್ಲಿ ಅಡಗಿಕೊಳ್ಳಲು ಎಡೆಯಿಲ್ಲ. ಅರಸನು ಅನ್ಯಾಯಕ್ಕೆ ಹೊರಟಾಗ ತಡೆಯದೆ ಹಿಂಬಾಲಿಸುವ ಸಭ್ಯನೂ ದೋಷಿಯೆಂದು ಮಿತಾಕ್ಷರಾ ಹೇಳುತ್ತದೆ. ನಮ್ಮ ವಿದ್ಯಾರ್ಥಿ ಸಂಘದ ಸಭೆಗಳಲ್ಲಿ ‘ಎಲ್ಲರೂ ಒಪ್ಪಿದ್ದರು’ ಎಂಬ ಮಾತನ್ನು ಪದೇ ಪದೇ ಕೇಳುತ್ತೇನೆ. ಯಾರು ಏನು ಹೇಳಿದರೆಂಬುದು ಮಾತ್ರ ನಡಾವಳಿ ಪುಸ್ತಕದಲ್ಲಿ ಸಿಕ್ಕುವುದಿಲ್ಲ!

ಮಿತಾಕ್ಷರಾ ಹುಟ್ಟಿದ ಊರಿನಲ್ಲಿಯೇ ಅರ್ಧಶತಮಾನದ ಬಳಿಕ ಏನಾಯಿತೆಂದು ನೋಡಿರಿ. ಶರಣ ಪರಂಪರೆ ಹೇಳುವಂತೆ, ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ಮದುವೆಯಾದಾಗ ಬಿಜ್ಜಳನಿಗೆ ಸಲಹೆಯ ಬಡತನವಿರಲಿಲ್ಲ. ದೂರು ತಂದವರೂ ಇದ್ದರು, ಭಂಡಾರಿ ಬಸವಣ್ಣನವರೂ ಇದ್ದರು. ದೊರೆ ದೂರಿನ ಗದ್ದಲಕ್ಕೆ ಓಗೊಟ್ಟು ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದನು. ಬಸವಣ್ಣನವರು ಕೂಡಲಸಂಗಮಕ್ಕೆ ಹೊರಟುಹೋದರು. 1167ರ ಸುಮಾರಿಗೆ ಬಿಜ್ಜಳನ ಆಳಿಕೆಯೂ ಮುಗಿಯಿತು.