ಏಕದಳ ಧಾನ್ಯವಿಲ್ಲದ ಖಾರದ ಬಿಸ್ಕತ್ತು: ತೆಂಗಿನ ಹಿಟ್ಟಿನ ಉಪಯೋಗ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ, ಜೋಳ, ಕಡಲೆಗಳ ಸೀಮೆಯೇ ಹೊರತು ತೆಂಗಿನ ಸೀಮೆಯಲ್ಲ. ಬಾವಿಯ ಬದಿಯಲ್ಲಿಯೋ ನದೀತೀರದ ತೋಟಗಳಲ್ಲಿಯೋ ಇರುವ ಮರಗಳನ್ನು ಬಿಟ್ಟರೆ, ಇಲ್ಲಿಯ ಸಂತೆಗಳಿಗೆ ಕಾಯಿಯು ಹೆಚ್ಚಾಗಿ ಹೊರಗಿನಿಂದಲೇ ಬರತಕ್ಕದ್ದು. ಹೀಗಿದ್ದರೂ ಒಡೆದ ಕಾಯಿಗೆ ಇಲ್ಲಿ ಬರವಿಲ್ಲ. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯಿರುವ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ, ಘತ್ತರಗಿಯ ಭಾಗ್ಯವಂತಿ ದೇವಸ್ಥಾನ, ಊರೂರಿನ ಮಠ ಹಾಗೂ ಗುಡಿಗಳು, ಇವುಗಳಲ್ಲಿ ಒಡೆಸಿದ ಕಾಯಿಯ ಹೋಳುಗಳು ಶ್ರಾವಣ ಮಾಸದಲ್ಲಿಯೂ ಜಾತ್ರೆಗಳ ಕಾಲದಲ್ಲಿಯೂ ಮನೆಮನೆಗೆ ಬಂದು ಬೀಳುತ್ತವೆ. ಒಂದೆರಡು ಹೋಳು ಚಟ್ನಿಗೆ ಸಲ್ಲುತ್ತವೆ. ಮಿಕ್ಕವು ಎರಡು ಮೂರು ದಿನಗಳಲ್ಲಿ ಜಿಗಟು ಹಿಡಿದು ತಿಪ್ಪೆಯನ್ನು ಸೇರುತ್ತವೆ. ಹಣ ಕೊಟ್ಟು ತಂದ ಪದಾರ್ಥವು ಹೀಗೆ ಹಾಳಾಗುವುದನ್ನು ತಪ್ಪಿಸಿ, ಅದರಿಂದಲೇ ಮನೆಯ ಹೆಣ್ಣುಮಕ್ಕಳು ನಾಲ್ಕು ಕಾಸು ಸಂಪಾದಿಸಬಹುದಾದ ಒಂದು ಮಾರ್ಗವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಏಕದಳ ಧಾನ್ಯವಿಲ್ಲದ ಬಿಸ್ಕತ್ತು ಯಾರಿಗೆ ಬೇಕು ಎಂಬ ಪ್ರಶ್ನೆಯು ಸಹಜವಾದುದು. ಗೋಧಿ ಒಗ್ಗದವರಿಗೆ ಎಂಬುದಾಗಿ ಪಟ್ಟಣದ ಅಂಗಡಿಗಳಲ್ಲಿ ಹೇಳುತ್ತಾರೆ. ಆದರೆ ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಆದುದರಿಂದ ಬೇರೆ ಹಿಟ್ಟು ಬೆರೆಯದ ಜೋಳದ ರೊಟ್ಟಿಯನ್ನು ಉಣ್ಣುವ ಈ ಸೀಮೆಯವರು ಆ ಒಂದು ಕಾರಣಕ್ಕಾಗಿ ತೆಂಗಿನ ಹಿಟ್ಟನ್ನು ಅರಸಬೇಕಾಗಿಲ್ಲ. ಇಲ್ಲಿ ನಿಜವಾದ ಗಿರಾಕಿ ಉಪವಾಸದ ಯಾತ್ರಿಕನು. ಗುರುವಾರ, ಹುಣ್ಣಿಮೆ ಮತ್ತು ದತ್ತ ಜಯಂತಿಯ ದಿನಗಳಲ್ಲಿ ಗಾಣಗಾಪುರಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನರು ಬರುತ್ತಾರೆ. ಏಕಾದಶಿಯನ್ನು ಆಚರಿಸುವವರು ಅಕ್ಕಿ, ಜೋಳ, ಗೋಧಿಗಳನ್ನಷ್ಟೇ ಅಲ್ಲದೆ ಬೇಳೆಯನ್ನೂ ಮುಟ್ಟುವುದಿಲ್ಲ. ಅವರಿಗೆ ದೊರೆಯುವ ಫರಾಳವೆಂದರೆ ಸಾಬೂದಾಣಿ, ಶೇಂಗಾ, ಆಲೂಗಡ್ಡೆ, ಬಾಳೆಹಣ್ಣು. ಇವುಗಳಲ್ಲಿ ದಾರಿಯ ಬುತ್ತಿಗೆ ಒಣಗಿ ನಿಲ್ಲುವ ಖಾರದ ತಿನಿಸು ಕಡಮೆ. ಈ ಕಾರಣದಿಂದ ಕಡಲೆ ಹಿಟ್ಟು ಈ ಸೀಮೆಯಲ್ಲಿ ಸುಲಭವಾಗಿ ಸಿಕ್ಕುವುದಾದರೂ ಈ ಬಿಸ್ಕತ್ತಿಗೆ ಅದನ್ನು ಬೆರೆಸಕೂಡದು.

ತೆಂಗಿನ ಹಿಟ್ಟು ಎಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು, ಏಕೆಂದರೆ ಬಹುಪಾಲು ಕೆಡಕು ಇಲ್ಲಿಂದಲೇ ಆರಂಭವಾಗುತ್ತದೆ. ಕಿರಾಣಿ ಅಂಗಡಿಯಲ್ಲಿ ಮಾರುವ ಕೊಬ್ಬರಿ ಪುಡಿಯು ತೆಂಗಿನ ಹಿಟ್ಟಲ್ಲ. ಅದು ಕಾಯಿಯ ತುರಿಯನ್ನು ಹಾಗೆಯೇ ಒಣಗಿಸಿದುದು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುತ್ತದೆ. ಅದರಿಂದ ಬಿಸ್ಕತ್ತು ಮಾಡಹೊರಟರೆ ಕಾವಿಗೆ ಎಣ್ಣೆಯು ಒಸರಿ, ಬಿಸ್ಕತ್ತು ತಟ್ಟೆಯ ಮೇಲೆಯೇ ಪುಡಿಯಾಗುತ್ತದೆ. ತೆಂಗಿನ ಹಿಟ್ಟಾದರೋ ಹಾಲನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಚರಟವನ್ನು ಒಣಗಿಸಿ ಬೀಸಿದುದು. ಇದರಲ್ಲಿ ಎಣ್ಣೆ ಕಡಮೆ, ನಾರು ಬಹಳ ಹೆಚ್ಚು. ಹಸಿ ತೆಂಗಿನ ಹಾಲಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳಲ್ಲಿಯೂ ಈ ಚರಟವು ಉಳಿಯುತ್ತದೆ. ಕಾಸರಗೋಡಿನಲ್ಲಿ ೧೯೧೬ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಂಸ್ಥೆಯು ತೆಂಗಿನ ಇಂತಹ ಉಪವಸ್ತುಗಳ ಬಳಕೆಯ ವಿಷಯದಲ್ಲಿಯೂ ಕೆಲಸ ಮಾಡಿದೆ.

ಮನೆಯಲ್ಲಿ ಹಿಟ್ಟು ಮಾಡುವ ಕ್ರಮ ಹೀಗೆ. ಒಡೆದ ದಿನವೇ ಕಾಯಿಯನ್ನು ತೆಗೆದುಕೊಳ್ಳಬೇಕು. ಜಿಗಟಾದುದು, ಕೆಂಪು ಅಥವಾ ಕಪ್ಪು ಚುಕ್ಕೆ ಬಿದ್ದುದು, ಕುಂಕುಮ ಮತ್ತು ಊದುಬತ್ತಿಯ ಬೂದಿ ಮೆತ್ತಿಕೊಂಡುದು, ಇವನ್ನು ಬೇರ್ಪಡಿಸಿ ಬಿಡತಕ್ಕದ್ದು. ತೊಳೆದರೆ ಸರಿಹೋದೀತೆಂಬ ಆಸೆ ಬೇಡ. ಒಳ್ಳೆಯ ಹೋಳುಗಳ ಕಂದು ಸಿಪ್ಪೆಯನ್ನು ಹೆರೆದು, ತುರಿದು, ಬಿಸಿ ನೀರನ್ನು ಸೇರಿಸಿ ರುಬ್ಬಿ, ತೆಳುವಾದ ಬಟ್ಟೆಯಲ್ಲಿ ಎರಡು ಮೂರು ಸಲ ಬಿಗಿಯಾಗಿ ಹಿಂಡಬೇಕು. ಹಾಲನ್ನು ಅದೇ ದಿನ ಅಡಿಗೆಗೆ ಉಪಯೋಗಿಸಬಹುದು. ಚರಟವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ಬಟ್ಟೆ ಕಟ್ಟಿ, ಮಾಳಿಗೆಯ ಬಿಸಿಲಿಗೆ ಇಡತಕ್ಕದ್ದು. ಈ ತಾಲ್ಲೂಕುಗಳ ಬೇಸಿಗೆಯ ಬಿಸಿಲು ಮನುಷ್ಯನಿಗೆ ಎಷ್ಟೇ ಕಠಿಣವಾಗಿದ್ದರೂ ಈ ಕೆಲಸಕ್ಕೆ ವರವೇ ಸರಿ. ಆದರೆ ತೊಗರಿ, ಜೋಳಗಳ ರಾಶಿ ನಡೆಯುವ ಕಣದ ಹತ್ತಿರ ಒಣಗಿಸಿದರೆ ಹೊಟ್ಟು ಹಾರಿ ಬಂದು ಬೀಳುತ್ತದೆ; ಆಗ ಅದು ಧಾನ್ಯವಿಲ್ಲದ ಹಿಟ್ಟಾಗಿ ಉಳಿಯುವುದಿಲ್ಲ. ಶ್ರಾವಣದ ಮೋಡದಲ್ಲಿ ಬಿಸಿಲನ್ನು ನಂಬದೆ, ದಪ್ಪ ತಳದ ಬಾಣಲೆಯಲ್ಲಿ ಅತಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಒಣಗಿಸಬೇಕು. ಅಂಗೈಯಲ್ಲಿ ಹಿಚುಕಿದರೆ ಉಂಡೆಗಟ್ಟದೆ ಉದುರುವಷ್ಟು ಒಣಗಿದ ಮೇಲೆ, ಮಿಕ್ಸರಿನಲ್ಲಿ ಸ್ವಲ್ಪ ಸ್ವಲ್ಪವಾಗಿ, ಬಿಟ್ಟು ಬಿಟ್ಟು ತಿರುಗಿಸಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿಯತಕ್ಕದ್ದು. ಊರಿನ ಗಿರಣಿಗೆ ಕೊಡಕೂಡದು. ಗಿರಣಿಯ ಕಲ್ಲಿನಲ್ಲಿ ಹಿಂದಿನವರ ಗೋಧಿ, ಜೋಳ ಇದ್ದೇ ಇರುತ್ತದೆ.

ತೇವವು ಉಳಿದರೆ ಆಗುವ ಕೇಡನ್ನು ವಿಶೇಷವಾಗಿ ನೆನಪಿಡಬೇಕು. ತೆಂಗಿನ ಎಣ್ಣೆಯಲ್ಲಿ ಲಾರಿಕ್ ಆಮ್ಲವೆಂಬ ಅಂಶವು ಅಧಿಕವಾಗಿದೆ. ತೇವ ಮತ್ತು ಬೂಷ್ಟುಗಳ ದೆಸೆಯಿಂದ ಅದು ಎಣ್ಣೆಯಿಂದ ಬೇರ್ಪಟ್ಟರೆ ಹಿಟ್ಟಿಗೆ ಸಾಬೂನಿನ ರುಚಿ ಬರುತ್ತದೆ. ಈ ರುಚಿಯನ್ನು ಯಾವ ಖಾರವೂ ಮುಚ್ಚಲಾರದು.

ಬಿಸ್ಕತ್ತಿಗೆ ಬೇಕಾಗುವ ಪದಾರ್ಥಗಳು: ತೆಂಗಿನ ಹಿಟ್ಟು ೧೦೦ ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾದ ತರಿ ಪುಡಿ ೧೦೦ ಗ್ರಾಂ, ಬೇಯಿಸಿ ನುಣ್ಣಗೆ ಮಸೆದ ಆಲೂಗಡ್ಡೆ ೧೦೦ ಗ್ರಾಂ, ತುಪ್ಪ ೩೦ ಗ್ರಾಂ, ಸೈಂಧವ ಲವಣ ೫ ಗ್ರಾಂ, ಒಂದು ಚಹದ ಚಮಚ ಜೀರಿಗೆ, ಅರೆದ ಹಸಿ ಮೆಣಸಿನಕಾಯಿ ಎರಡು. ಉಪವಾಸದ ನಿಯಮವಿಲ್ಲದವರು ಆಲೂಗಡ್ಡೆಯ ಬದಲಿಗೆ ೨೦ ಗ್ರಾಂ ಅಗಸೆಯ ಪುಡಿಯನ್ನು ೧೦೦ ಮಿಲಿಲೀಟರ್ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಲೋಳೆಯಾದ ಮೇಲೆ ಬೆರೆಸಬಹುದು. ಅಗಸೆಯ ಹಿಂಡಿಯನ್ನು ರೊಟ್ಟಿಯೊಡನೆ ಉಣ್ಣುವ ಈ ಸೀಮೆಯಲ್ಲಿ ಅದರ ರುಚಿ ಹೊಸದೇನೂ ಅಲ್ಲ; ಅಲ್ಲದೆ ಆಲೂಗಡ್ಡೆಯದಕ್ಕಿಂತ ಅಗಸೆಯ ಬಿಸ್ಕತ್ತು ಹೆಚ್ಚು ಗರಿಗರಿಯಾಗಿರುತ್ತದೆ. ಶೇಂಗಾದಲ್ಲಿ ಸುಕ್ಕಾದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳು ಒಂದೂ ಇರಬಾರದು. ಅಂತಹ ಕಾಳಿನಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಹುರಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ.

ಇಂಗನ್ನು ಹಾಕುವ ಅಭ್ಯಾಸವುಳ್ಳವರು ಇಲ್ಲಿ ಕೈ ಹಿಡಿಯತಕ್ಕದ್ದು. ಅಂಗಡಿಯ ಪುಡಿ ಇಂಗಿನಲ್ಲಿ ಬಹುಮಟ್ಟಿಗೆ ಗೋಧಿ ಅಥವಾ ಅಕ್ಕಿಯ ಹಿಟ್ಟು ಬೆರೆತಿರುತ್ತದೆ. ಬೇಕಿಂಗ್ ಪುಡಿಯಲ್ಲಿಯೂ ಅನೇಕ ವೇಳೆ ಮೆಕ್ಕೆಜೋಳದ ಪಿಷ್ಟವಿರುತ್ತದೆ. ಅಡಿಗೆಯ ಸೋಡ ಧಾನ್ಯವಲ್ಲವಾದರೂ ಈ ತೆಳು ಬಿಸ್ಕತ್ತಿಗೆ ಅವಶ್ಯವಿಲ್ಲ.

ಗೋಧಿಯ ಕಣಕವನ್ನು ನಾದಿದಷ್ಟೂ ಅದರ ಅಂಟು ಬಲೆಯಂತೆ ಹೆಣೆದುಕೊಂಡು ಹಿಟ್ಟು ಎಳೆದರೂ ಹರಿಯದಂತಾಗುತ್ತದೆ. ತೆಂಗಿನ ಹಿಟ್ಟಿನಲ್ಲಿ ಆ ಅಂಟು ಇಲ್ಲ, ನಾದುವುದು ವ್ಯರ್ಥ. ಅದಲ್ಲದೆ ಅದರ ನಾರು ನೀರನ್ನು ನಿಧಾನವಾಗಿ, ಆದರೆ ಬಹಳವಾಗಿ ಕುಡಿಯುತ್ತದೆ. ಕಲಸಿದ ಕೂಡಲೆ ತೆಳುವಾಗಿ ಕಂಡಿತೆಂದು ಮತ್ತಷ್ಟು ಹಿಟ್ಟನ್ನು ಸುರಿದರೆ, ಹತ್ತು ನಿಮಿಷದಲ್ಲಿ ಅದು ಒಣ ಮಣ್ಣಿನಂತೆ ಬಿರಿಯುತ್ತದೆ. ಆದುದರಿಂದ ಪದಾರ್ಥಗಳನ್ನೆಲ್ಲ ಕಲಸಿ, ಒದ್ದೆ ಬಟ್ಟೆ ಮುಚ್ಚಿ, ಕಾಲು ಗಂಟೆ ಸುಮ್ಮನೆ ಬಿಡತಕ್ಕದ್ದು. ಆಮೇಲೆ ಮುಷ್ಟಿಯಲ್ಲಿ ಹಿಡಿದು ನೋಡಿ, ಬಿರಿದರೆ ಒಂದೊಂದೇ ಚಮಚ ನೀರನ್ನು ಚಿಮುಕಿಸಬೇಕು. ಉಂಡೆಯು ಬಿರಿಯದೆ, ಕೈಗೆ ಮೆತ್ತದೆ ನಿಂತರೆ ಅದೇ ಹದ.

ಲಟ್ಟಣಿಗೆಗೆ ಇದು ಅಂಟಿಕೊಂಡು ಹರಿಯುವುದರಿಂದ ಎರಡು ಬೆಣ್ಣೆ ಕಾಗದಗಳ ನಡುವೆ ಇಟ್ಟು ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಚೌಕವಾಗಿ ಕೊಯ್ದು, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಬೇಕು. ೧೫೦ರಿಂದ ೧೬೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ, ನಡುವೆ ಒಮ್ಮೆ ಮಗುಚತಕ್ಕದ್ದು. ಕಾವು ಹೆಚ್ಚಾದರೆ ಅಂಚು ಕರಕಲಾಗಿ ನಡು ಮೆತ್ತಗೆ ಉಳಿಯುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಉರಿಯನ್ನು ಆರಿಸಿ, ಆ ಕಾವಿನಲ್ಲಿಯೇ ಇನ್ನೂ ಕಾಲು ಗಂಟೆ ಬಿಟ್ಟರೆ ಒಳಗಿನ ತೇವವು ಹೋಗುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳು ಮರಳು ತುಂಬಿ, ಮೇಲೆ ಕಬ್ಬಿಣದ ಉಂಗುರವನ್ನಿಟ್ಟು, ಮುಚ್ಚಿ ಚೆನ್ನಾಗಿ ಕಾಯಿಸಿ, ಅದರೊಳಗೆ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಪೂರ್ತಿಯಾಗಿ ಆರಿದ ಮೇಲೆಯೇ ಗಾಳಿಯಾಡದ ಡಬ್ಬಿಗೆ ತುಂಬತಕ್ಕದ್ದು. ಆಲೂಗಡ್ಡೆಯ ಬಿಸ್ಕತ್ತನ್ನು ನಾಲ್ಕೈದು ದಿನಗಳೊಳಗೆ, ಅಗಸೆಯದನ್ನು ಎರಡು ವಾರಗಳೊಳಗೆ ಮುಗಿಸುವುದು ಲೇಸು. ಮಳೆಗಾಲದಲ್ಲಿ ಮೆತ್ತಗಾದರೆ ಮತ್ತೆ ಹತ್ತು ನಿಮಿಷ ಕಾವಿಗೆ ಇಡಬಹುದು.

ಮಾರಾಟಕ್ಕೆ ಮಾಡುವ ಸ್ತ್ರೀ ಸ್ವಸಹಾಯ ಸಂಘಗಳು ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ಮೊದಲೇ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಪೊಟ್ಟಣದ ಮೇಲೆ ಪದಾರ್ಥಗಳನ್ನೂ ತಯಾರಿಸಿದ ದಿನವನ್ನೂ ಬರೆಯುವುದರ ಜೊತೆಗೆ, ಶೇಂಗಾ ಇದೆಯೆಂಬುದನ್ನು ಎದ್ದು ಕಾಣುವಂತೆ ತಿಳಿಸಬೇಕು; ಶೇಂಗಾ ಒಗ್ಗದವರಿಗೆ ಒಂದು ತುಣುಕೂ ಪ್ರಾಣಾಪಾಯವಾಗಬಹುದು. ಮಧುಮೇಹವನ್ನು ಗುಣಪಡಿಸುತ್ತದೆ ಎಂಬಂತಹ ಮಾತನ್ನು ಎಷ್ಟು ಮಾತ್ರಕ್ಕೂ ಬರೆಯಕೂಡದು. ತಾಲ್ಲೂಕು ಊರಿನ ಬೇಕರಿಯ ಭಟ್ಟಿಯಲ್ಲಿ ಬಾಡಿಗೆಗೆ ಬೇಯಿಸಿ ತಂದರೆ, ಅಲ್ಲಿಯ ಗಾಳಿಯಲ್ಲಿಯೂ ತಟ್ಟೆಯಲ್ಲಿಯೂ ಮೈದಾ ಇರುತ್ತದೆ. ಗೋಧಿಯ ಅಂಟು ಇಲ್ಲವೆಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಅದು ಒಂದು ಕಿಲೋಗ್ರಾಂ ತಿನಿಸಿನಲ್ಲಿ ೨೦ ಮಿಲಿಗ್ರಾಂ ಮೀರಕೂಡದೆಂಬುದು ನಿಯಮ. ಪರೀಕ್ಷೆಯಿಲ್ಲದೆ ಹಾಗೆ ಬರೆದುದನ್ನು ನಂಬಿ ಗೋಧಿ ಒಗ್ಗದ ಮಗುವಿಗೆ ಯಾರಾದರೂ ಕೊಟ್ಟರೆ, ಅದರ ಹೊಣೆ ಮಾರಿದವರ ಮೇಲೆ ಬೀಳುತ್ತದೆ. ಅಂತಹ ಭಟ್ಟಿಯಲ್ಲಿ ಬೆಂದುದನ್ನು ಏಕಾದಶಿಯ ಫರಾಳವೆಂದು ಮಾರುವುದೂ ಸರಿಯಲ್ಲ. ಮರಳಿನ ಪಾತ್ರೆಯಲ್ಲಿ ದಿನಕ್ಕೆ ನಾಲ್ಕು ತಟ್ಟೆ ಮಾತ್ರವೇ ಆದರೂ, ಗಾಣಗಾಪುರದ ಅಂಗಡಿಯವರಿಗೆ ಮೊದಲು ಅವನ್ನೇ ಕೊಟ್ಟು, ಗಿರಾಕಿ ಮರಳಿ ಕೇಳುತ್ತಾನೆಯೇ ಎಂಬುದನ್ನು ನೋಡಿಕೊಂಡು ಆಮೇಲೆ ಸಂಘದ ಹಣದಿಂದ ಓವನ್ ಕೊಳ್ಳುವ ವಿಚಾರ ಮಾಡತಕ್ಕದ್ದು.